ನಿವೃತ್ತಿಗೆಂದು ನಾನು ಹಣ ಕೂಡಿಟ್ಟ ಬಗೆ

ಕಲಬುರಗಿ ಜಿಲ್ಲೆಯ ಸಿಮೆಂಟ್ ಕಾರ್ಖಾನೆಯೊಂದರಲ್ಲಿ ಹಿರಿಯ ಎಂಜಿನಿಯರ್ ಆಗಿರುವ ನನ್ನ ಸಂಬಳ ಶೇ. 30ರ ತೆರಿಗೆ ಹಂತ ಮುಟ್ಟಿ ಬಹಳ ವರ್ಷಗಳಾದವು. ನಮ್ಮ ಕಡೆ ಮುಪ್ಪಿನ ಕಾಲಕ್ಕೆ ಆಸರೆ ಎಂದರೆ ತೊಗರಿ ಬೆಳೆಯುವ ಹೊಲ, ಇಲ್ಲವೇ ಊರಂಚಿನ ಪ್ಲಾಟು. ನಾನೂ ಒಂದು ಪ್ಲಾಟು ಕೊಂಡವನೇ. ಆದರೆ ಪ್ಲಾಟು ತಿಂಗಳಿಗೊಮ್ಮೆ ಪಗಾರ ಕೊಡುವುದಿಲ್ಲ.

ಹಳೆಯ ತೆರಿಗೆ ಪದ್ಧತಿಯಲ್ಲಿದ್ದಾಗ ಉಳಿತಾಯಕ್ಕೆ ತೆರಿಗೆ ಕಡಿತ ಕೊಡುವ 80ಸಿ ಕಲಮಿನಡಿ 1.5 ಲಕ್ಷ, ಎನ್‌ಪಿಎಸ್‌ಗೆ (ರಾಷ್ಟ್ರೀಯ ಪಿಂಚಣಿ ಯೋಜನೆ) ಪ್ರತ್ಯೇಕವಾಗಿ 50,000 ರೂಪಾಯಿ ತೋರಿಸಿ ನಿಶ್ಚಿಂತನಾಗಿದ್ದೆ. 2024-25ರಲ್ಲಿ, ದರ ಕಡಿಮೆಯಾದರೂ ಬಹುತೇಕ ಕಡಿತಗಳಿಲ್ಲದ ಹೊಸ ಪದ್ಧತಿಗೆ ಬಂದಾಗ ಇವೆರಡೂ ಕೈಬಿಟ್ಟವು. ಉಳಿದದ್ದು, ಕಂಪನಿಯೇ ನಮ್ಮ ಹೆಸರಿನ ಎನ್‌ಪಿಎಸ್ ಖಾತೆಗೆ ಕಟ್ಟುವ ವಂತಿಗೆಗೆ ಸಿಗುವ 80ಸಿಸಿಡಿ(2) ಕಲಮಿನ ವಿನಾಯಿತಿ. ಅದರ ಮಿತಿಯನ್ನು ಹೊಸ ಪದ್ಧತಿಯವರಿಗೆ ಆ ವರ್ಷವೇ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇ. 10ರಿಂದ 14ಕ್ಕೆ ಏರಿಸಲಾಗಿತ್ತು. ನಾವು ಸ್ವತಃ ಕಟ್ಟಿದರೆ ಈ ಲಾಭವಿಲ್ಲ. ಅದೇ ಹಣ ಸಂಬಳ ಪಟ್ಟಿಯ ಮೂಲಕ ಹೋಗಬೇಕು. ನಮ್ಮಲ್ಲಿ ಅಂಥ ವ್ಯವಸ್ಥೆಯೇ ಇರಲಿಲ್ಲವಾದ್ದರಿಂದ ಅರ್ಜಿ ಹಿಡಿದು ಓಡಾಡುವುದರಲ್ಲೇ ನನ್ನದೊಂದು ವರ್ಷ ಹೋಯಿತು. ಕೊನೆಗೆ ಒಪ್ಪಿದ ಲೆಕ್ಕಪತ್ರ ವಿಭಾಗದವರು, "ಒಮ್ಮೆ ಬರದ ಕೊಟ್ರ ವರ್ಷದ ನಡುವ ಬದಲ ಮಾಡ್ಲಾಕ ಆಗಲ್ಲ ನೋಡ್ರಿ ಸರ್" ಎಂದು ಎರಡೆರಡು ಸಲ ಹೇಳಿ ಸಹಿ ಹಾಕಿಸಿಕೊಂಡರು.

ನನ್ನ ಮೂಲ ವೇತನ ತಿಂಗಳಿಗೆ ಒಂದು ಲಕ್ಷ. ವಿಶೇಷ ಭತ್ಯೆಯಿಂದ 14,000 ರೂಪಾಯಿ ಕಡಿದು ಎನ್‌ಪಿಎಸ್‌ಗೆ ಹಾಕಿದ ಮೊದಲ ತಿಂಗಳು ಮನೆಯಾಕೆ ಬ್ಯಾಂಕಿನ ಸಂದೇಶ ನೋಡಿ, "ಪಗಾರ ಕಡಿಮಿ ಬಂದದಲ್ರೀ?" ಎಂದಳು. ಸೆಸ್ ಸೇರಿ ಶೇ. 31.2ರ ತೆರಿಗೆ, ಅಂದರೆ 4,368 ರೂಪಾಯಿ ಉಳಿಯುವುದರಿಂದ ಕೈಗೆ ಕಡಿಮೆಯಾದದ್ದು 9,632 ಮಾತ್ರ ಎಂದು ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದು ತೋರಿಸಿದೆ. ಆ ಹಣದ ಒಂದು ಭಾಗ ಕೊನೆಗೆ ಪಿಂಚಣಿ ಕೊಳ್ಳಲೇ ಹೋಗುತ್ತದೆ, ನಡುವೆ ಮುಟ್ಟುವುದು ಕಷ್ಟ ಎಂಬುದನ್ನೂ ಮುಚ್ಚಿಡಲಿಲ್ಲ. ನನಗಂತೂ ಆ ಕಷ್ಟವೇ ಒಳ್ಳೆಯದೆನಿಸಿತು. ಕೈಗೆ ಸಿಗುವಂತಿದ್ದರೆ ಅದೂ ಪ್ಲಾಟಾಗುತ್ತಿತ್ತು.

ಭವಿಷ್ಯ ನಿಧಿ, ಎನ್‌ಪಿಎಸ್ ಮತ್ತು ಸೂಪರ್‌ಆನ್ಯುಯೇಶನ್ (ಕಂಪನಿಯ ನಿವೃತ್ತಿ ನಿಧಿ) ಮೂರಕ್ಕೂ ಸೇರಿ ಕಂಪನಿಯ ವಂತಿಗೆ ವರ್ಷಕ್ಕೆ 7.5 ಲಕ್ಷ ದಾಟಿದರೆ ಹೆಚ್ಚಿನದಕ್ಕೆ ತೆರಿಗೆಯುಂಟು. ತಿಂಗಳಿಗೆ ಭವಿಷ್ಯ ನಿಧಿಗೆ 12,000, ಎನ್‌ಪಿಎಸ್‌ಗೆ 14,000 ಎಂದು ನನ್ನ ಲೆಕ್ಕ 3.12 ಲಕ್ಷಕ್ಕೇ ನಿಲ್ಲುತ್ತದೆ. ನಾನು ಎಡವಿದ್ದು ಸ್ವಯಂ ಭವಿಷ್ಯ ನಿಧಿಯಲ್ಲಿ, ಅಂದರೆ ನಾವಾಗಿಯೇ ಹೆಚ್ಚುವರಿಯಾಗಿ ಕಟ್ಟುವ ವಂತಿಗೆಯಲ್ಲಿ. ಕಡ್ಡಾಯದ 12,000ದ ಮೇಲೆ ತಿಂಗಳಿಗೆ ಇನ್ನೂ 20,000 ಕಟ್ಟುತ್ತಿದ್ದೆ. ನೌಕರನ ವಂತಿಗೆ ವರ್ಷಕ್ಕೆ 2.5 ಲಕ್ಷ ಮೀರಿದರೆ ಮೀರಿದ ಭಾಗದ ಬಡ್ಡಿಗೆ 2021ರ ಏಪ್ರಿಲ್‌ನಿಂದ ತೆರಿಗೆ ಬಂದಿದೆ ಎಂಬುದು ನನಗೆ ತಿಳಿದದ್ದು ಮೂಲದಲ್ಲೇ ತೆರಿಗೆ ಮುರಿದ ಮೇಲೆ. ಈಗ ಒಟ್ಟು ಆ ಮಿತಿಯೊಳಗೇ ನಿಲ್ಲುವಂತೆ ಹೆಚ್ಚುವರಿ 20,000ವನ್ನು 8,800ಕ್ಕೆ ಇಳಿಸಿದ್ದೇನೆ.

ಪಿಪಿಎಫ್‌ಗೆ (ಸಾರ್ವಜನಿಕ ಭವಿಷ್ಯ ನಿಧಿ) ಹೊಸ ಪದ್ಧತಿಯಲ್ಲಿ ಕಡಿತವಿಲ್ಲದಿದ್ದರೂ ಬಡ್ಡಿಗೆ ತೆರಿಗೆ ಇಲ್ಲವೆಂದು ಮುಂದುವರಿಸಿದೆ. ಪ್ರತಿ ತಿಂಗಳ 5ರಿಂದ ಕೊನೆಯ ದಿನದವರೆಗಿನ ಕನಿಷ್ಠ ಶಿಲ್ಕಿಗೆ ಬಡ್ಡಿ ಕಟ್ಟುವ ಕಾರಣ, ಒಮ್ಮೆ ಏಪ್ರಿಲ್ 6ರಂದು 1.5 ಲಕ್ಷ ತುಂಬಿ ಶೇ. 7.1ರ ಲೆಕ್ಕದಲ್ಲಿ ಆ ತಿಂಗಳ ಬಡ್ಡಿ 887 ರೂಪಾಯಿ ಬಿಟ್ಟುಕೊಟ್ಟೆ. ಈಗ ಏಪ್ರಿಲ್ ಹುಟ್ಟಿದ ಕೂಡಲೇ, ಬಿಸಿಲೇರುವ ಮೊದಲು, ಆ ಕೆಲಸ ಮುಗಿಸಿಬಿಡುತ್ತೇನೆ.