ಒಂದು ದಿನದ ರೋಮ್: ಮಕ್ಕಳು, ಹಿರಿಯರು ಜೊತೆಗಿದ್ದರೆ

ರೋಮ್‌ನ ಹಳೆಯ ಭಾಗ ಅಷ್ಟೇನೂ ದೊಡ್ಡದಲ್ಲ. ಕೊಲೊಸಿಯಂನಿಂದ ಸ್ಪ್ಯಾನಿಷ್ ಮೆಟ್ಟಿಲುಗಳವರೆಗೆ ಸುತ್ತಿಬಳಸಿ ನಡೆದರೂ ನಾಲ್ಕು ಕಿಲೋಮೀಟರ್ ಆಸುಪಾಸು. ಮಕ್ಕಳು ಹಟ ಹಿಡಿಯುವುದು, ದೊಡ್ಡವರು ಸಿಡುಕುವುದು ನಡೆದು ಅಲ್ಲ, ಬಿಸಿಲಲ್ಲಿ ಸಾಲು ನಿಂತು. ಹಾಗಾಗಿ ಟಿಕೆಟ್ ಬೇಕಾಗುವ ದೊಡ್ಡ ಜಾಗ ಒಂದೇ ಇರಲಿ, ಅದೂ ಬೆಳಿಗ್ಗೆಯೇ. ವ್ಯಾಟಿಕನ್ ಮ್ಯೂಸಿಯಂ ಅನ್ನು ಅದೇ ದಿನಕ್ಕೆ ತುರುಕಬೇಡಿ. ಅದೊಂದಕ್ಕೇ ಅರ್ಧ ದಿನ ಬೇಕು.

ಮೊದಲು ಕೊಲೊಸಿಯಂ ಟಿಕೆಟ್. ಅಧಿಕೃತ ಜಾಲತಾಣದಲ್ಲಿ ಸುಮಾರು ಒಂದು ತಿಂಗಳು ಮುಂಚೆ ಬುಕಿಂಗ್ ತೆರೆಯುತ್ತದೆ. ದಿನದ ಮೊದಲ ಒಂದೆರಡು ಗಂಟೆಯೊಳಗಿನ ಸಮಯ ಹಿಡಿಯಿರಿ. ಸಾಮಾನ್ಯ ಟಿಕೆಟ್‌ಗೆ 18 ಯೂರೋ. 18 ವರ್ಷದೊಳಗಿನವರಿಗೆ ಉಚಿತ, ಆದರೆ ಉಚಿತ ಅಂದಮಾತ್ರಕ್ಕೆ ಬುಕ್ ಮಾಡದೆ ಹೋಗುವಂತಿಲ್ಲ. ಎಡವುವುದು ಇಲ್ಲೇ: ದೊಡ್ಡವರ ಟಿಕೆಟ್ ಮಾತ್ರ ಕೊಂಡು ಬಾಗಿಲಲ್ಲಿ ಪೇಚಿಗೆ ಸಿಕ್ಕುತ್ತಾರೆ. ಟಿಕೆಟ್ ಮೇಲಿನ ಹೆಸರು ಪಾಸ್‌ಪೋರ್ಟಿನಲ್ಲಿದ್ದಂತೆಯೇ ಇರಬೇಕು. ತಿಂಗಳ ಮೊದಲ ಭಾನುವಾರ ಪ್ರವೇಶವೇನೋ ಉಚಿತ, ಆದರೆ ಕುಟುಂಬದವರಿಗೆ ಆ ಜನಜಾತ್ರೆ ಬೇಡ.

ಮೆಟ್ರೊ ಬಿ ಮಾರ್ಗದಲ್ಲಿ ಕೊಲೊಸಿಯೊ ನಿಲ್ದಾಣದಲ್ಲಿ ಇಳಿದರೆ ಕಟ್ಟಡ ಎದುರಿಗೇ. ಮೆಟ್ರೊ ಟಿಕೆಟ್ 1.50 ಯೂರೋ. ದೊಡ್ಡವರ ಜೊತೆಗಿರುವ 10 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಡ. ನಿಗದಿತ ಸಮಯಕ್ಕೆ ಅರ್ಧ ಗಂಟೆ ಮೊದಲೇ ಅಲ್ಲಿರಿ, ತಪಾಸಣೆ ಹೊತ್ತು ತಿನ್ನುತ್ತದೆ. ಗಾಜಿನ ಬಾಟಲಿ, ದೊಡ್ಡ ಬ್ಯಾಗು ಒಳಗೆ ಬಿಡುವುದಿಲ್ಲ. ಮೆಟ್ಟಿಲು ಹತ್ತಲಾಗದವರಿಗೆ ಲಿಫ್ಟ್ ಇದೆ, ಸಿಬ್ಬಂದಿಯನ್ನು ಕೇಳಿ. ಒಳಗೆ ಒಂದೂವರೆ ಗಂಟೆ ಧಾರಾಳ.

ಅದೇ ಟಿಕೆಟ್‌ಗೆ ಪಕ್ಕದ ರೋಮನ್ ಫೋರಂ (ಪುರಾತನ ರೋಮ್‌ನ ಮುಖ್ಯ ಚೌಕದ ಅವಶೇಷಗಳು) ಮತ್ತು ಪ್ಯಾಲಟೈನ್ ಗುಡ್ಡವೂ ಸೇರುತ್ತವೆ. ಒಮ್ಮೆ ಹೊರಬಿದ್ದರೆ ಮತ್ತೆ ಒಳಗೆ ಬಿಡುವುದಿಲ್ಲ, ಆದ್ದರಿಂದ ಶೌಚಾಲಯದ ಕೆಲಸ ಅಲ್ಲೇ ಮುಗಿಸಿಕೊಳ್ಳಿ. ಫೋರಂನಲ್ಲಿ ನೆರಳು ಕಡಿಮೆ. ಪುರಾತನ ರಸ್ತೆಯ ಕಪ್ಪು ಚಪ್ಪಡಿಗಳ ಸಂದಿಯಲ್ಲಿ ಮಗುವಿನ ತಳ್ಳುಗಾಡಿಯ ಚಕ್ರ ಸಿಕ್ಕಿಬೀಳುತ್ತದೆ. ಕೂಸನ್ನು ಎದೆಗೆ ಕಟ್ಟಿಕೊಳ್ಳುವ ಚೀಲವೇ ವಾಸಿ. ಮೊಣಕಾಲು ನೋವಿನವರಿದ್ದರೆ ಫೋರಂ ಒಳಗೆ ಹೋಗದಿದ್ದರೂ ನಷ್ಟವಿಲ್ಲ. ಕ್ಯಾಂಪಿಡೋಲಿಯೊ ಚೌಕದ ಹಿಂಬದಿಯ ಕಟ್ಟೆಯಿಂದ ಇಡೀ ಫೋರಂ ಕಾಣುತ್ತದೆ, ಬಿಟ್ಟಿಯಾಗಿ.

ನೀರು ಕೊಳ್ಳುವುದು ದಂಡ. ಬೀದಿಬೀದಿಯಲ್ಲಿ ನಾಸೋನಿ ಎಂಬ ಕಬ್ಬಿಣದ ಕಂಬಗಳಿಂದ ತಣ್ಣನೆಯ ಕುಡಿಯುವ ನೀರು ಸದಾ ಸುರಿಯುತ್ತಿರುತ್ತದೆ. ಬಾಗಿದ ಕೊಳವೆಯ ತುದಿಯನ್ನು ಬೆರಳಿಂದ ಒತ್ತಿ ಮುಚ್ಚಿದರೆ ಮೇಲಿನ ಸಣ್ಣ ತೂತಿನಿಂದ ನೀರು ಚಿಮ್ಮುತ್ತದೆ, ಬಗ್ಗದೆ ಬಾಯಿ ಕೊಡಬಹುದು. ಒಮ್ಮೆ ತೋರಿಸಿಕೊಟ್ಟರೆ ಮಕ್ಕಳು ಪ್ರತಿ ಕಂಬದ ಹತ್ತಿರವೂ ನಿಲ್ಲುತ್ತಾರೆ, ಬದಲಿ ಅಂಗಿ ಇರಲಿ.

ಊಟ ಮಧ್ಯಾಹ್ನ ಒಂದು ಗಂಟೆಯೊಳಗೆ ಮುಗಿಸಿ. ಎರಡೂವರೆಯಾದರೆ ಎಷ್ಟೋ ಹೋಟೆಲುಗಳು ಅಡುಗೆಮನೆ ಮುಚ್ಚುತ್ತವೆ. ಮಕ್ಕಳಿಗೆ ಸಲೀಸಾದದ್ದು ಕತ್ತರಿಸಿ ತೂಕದ ಮೇಲೆ ಮಾರುವ ಪಿಜ್ಜಾ. ಎಷ್ಟು ಅಗಲ ಬೇಕೆಂದು ಕೈಯಲ್ಲಿ ತೋರಿಸಿದರೆ ಸಾಕು. ಸಸ್ಯಾಹಾರಿಗಳು ಗಮನಿಸಿ: ಕಾರ್ಬೊನಾರಾ, ಅಮಾತ್ರಿಚಾನಾ ಪಾಸ್ತಾ ಎರಡರಲ್ಲೂ ಹಂದಿಮಾಂಸ ಇರುತ್ತದೆ. ಮಾರಿನಾರಾ ಪಿಜ್ಜಾಕ್ಕೆ ಟೊಮೆಟೊ, ಬೆಳ್ಳುಳ್ಳಿ ಅಷ್ಟೇ, ಚೀಸ್ ಕೂಡ ಇಲ್ಲ.

ಮಧ್ಯಾಹ್ನದ ನಡಿಗೆ ಪಿಯಾತ್ಸಾ (ಚೌಕ) ವೆನೆತ್ಸಿಯಾದಿಂದ. ದಾರಿಯಲ್ಲಿ ಲಾರ್ಗೊ ಅರ್ಜೆಂಟೀನಾ ಎಂಬ, ಪುರಾತನ ಅವಶೇಷಗಳಿರುವ ಚೌಕ ಸಿಗುತ್ತದೆ. ಕ್ರಿ.ಪೂ. 44ರಲ್ಲಿ ಜೂಲಿಯಸ್ ಸೀಸರ್‌ನನ್ನು ಇರಿದು ಕೊಂದದ್ದು ಇಲ್ಲಿ. ಮಕ್ಕಳ ಕಣ್ಣು ಮಾತ್ರ ಆ ಅವಶೇಷಗಳ ನಡುವೆ ಮಲಗಿರುವ ಬೆಕ್ಕುಗಳ ಮೇಲೆ! ರಸ್ತೆ ಬದಿಯ ಕಂಬಿಯಿಂದಲೇ ನೋಡಬಹುದು.

ಅಲ್ಲಿಂದ ಐದು ನಿಮಿಷಕ್ಕೆ ಪ್ಯಾಂಥಿಯಾನ್, ಆಮೇಲೆ ಚರ್ಚಾದ ಪುರಾತನ ರೋಮನ್ ದೇಗುಲ. 2023ರ ಜುಲೈಯಿಂದ ಇದಕ್ಕೂ ಟಿಕೆಟ್ ಇದೆ, 18ರೊಳಗಿನವರಿಗೆ ಉಚಿತ. ಇದು ಈಗಲೂ ಚರ್ಚ್, ಭುಜ ಮತ್ತು ಮೊಣಕಾಲು ಮುಚ್ಚಿರಬೇಕು. ಗುಮ್ಮಟದ ವ್ಯಾಸ 43 ಮೀಟರ್‌ಗೂ ಹೆಚ್ಚು, ನೆಲದಿಂದ ಎತ್ತರವೂ ಅಷ್ಟೇ. ಒಳಗೆ ಕಬ್ಬಿಣದ ಸರಳಿಲ್ಲದ ಕಾಂಕ್ರೀಟು. ನೆತ್ತಿಯ ಕಿಂಡಿಗೆ ಮುಚ್ಚಳವಿಲ್ಲ. ಮಳೆ ನೇರ ಒಳಗೇ ಬೀಳುತ್ತದೆ. ಆ ನೀರು ಹೋಗಲು ನೆಲದಲ್ಲಿ ಸಣ್ಣ ತೂತುಗಳಿವೆ, ಮಕ್ಕಳಿಗೆ ಹುಡುಕಲು ಹೇಳಿ.

ಮತ್ತೈದು ನಿಮಿಷ ನಡೆದರೆ ಪಿಯಾತ್ಸಾ ನವೋನಾ. ಶಿಲ್ಪಿ ಬರ್ನಿನಿ 1651ರಲ್ಲಿ ಮುಗಿಸಿದ ನಾಲ್ಕು ನದಿಗಳ ಕಾರಂಜಿಯಲ್ಲಿ ಡ್ಯಾನ್ಯೂಬ್, ನೈಲ್, ಪ್ಲಾಟಾಗಳ ಜೊತೆ ಗಂಗೆಯೂ ಇದ್ದಾಳೆ, ಇಲ್ಲಿ ಗಡ್ಡದ ಗಂಡಸಾಗಿ, ಕೈಯಲ್ಲಿ ಹುಟ್ಟು ಹಿಡಿದು. ಮುಸುಕು ಹೊದ್ದಿರುವುದು ನೈಲ್. ಅದರ ಮೂಲ ಆಗಿನ್ನೂ ಯಾರಿಗೂ ಗೊತ್ತಿರಲಿಲ್ಲ.

ಟ್ರೆವಿ ಕಾರಂಜಿಗೆ ಇಲ್ಲಿಂದ ಕಾಲು ಗಂಟೆ. ನಾಣ್ಯ ಎಸೆಯಿರಿ, ನೀರಿಗೆ ಕಾಲಿಟ್ಟರೆ ದಂಡ. ಸ್ಪ್ಯಾನಿಷ್ ಮೆಟ್ಟಿಲು ತಲುಪುವ ಹೊತ್ತಿಗೆ ಎಲ್ಲರಿಗೂ ಕೂರಬೇಕೆನಿಸುತ್ತದೆ, ಆದರೆ 2019ರಿಂದ ಆ ಮೆಟ್ಟಿಲ ಮೇಲೆ ಕೂರುವಂತಿಲ್ಲ. ಅದಕ್ಕೇ ಟ್ರೆವಿ ಬಿಟ್ಟ ಮೇಲೆ ಒಂದು ಜೆಲಾಟೊ (ಇಟಲಿಯ ಐಸ್‌ಕ್ರೀಂ) ಅಂಗಡಿಯಲ್ಲಿ ಕೂತು ದಣಿವಾರಿಸಿಕೊಂಡೇ ಇತ್ತ ಬನ್ನಿ. ಕೂತರೆ ಬೆಲೆ ಹೆಚ್ಚು, ಇರಲಿ.

ವಾಪಸು ಹೋಗಲು ಸ್ಪಾನ್ಯಾ ನಿಲ್ದಾಣದಿಂದ ಮೆಟ್ರೊ ಎ ಮಾರ್ಗ, ಮೂರನೆಯ ನಿಲ್ದಾಣ ಟರ್ಮಿನಿ, ಊರಿನ ಮುಖ್ಯ ರೈಲು ನಿಲ್ದಾಣ. ಜೇಬುಗಳ್ಳರ ಕಾಟ ಇರುವುದು ಇಲ್ಲೇ. ಬ್ಯಾಗು ಎದೆಯ ಮೇಲಿರಲಿ, ಹಿಂದಿನ ಜೇಬು ಖಾಲಿ ಇರಲಿ. ನೂಕುನುಗ್ಗಲಲ್ಲಿ ಮಗುವೊಂದು ಪ್ಲಾಟ್‌ಫಾರಂನಲ್ಲೇ ಉಳಿದುಬಿಟ್ಟರೆ ಅಲ್ಲಿಂದ ಕದಲಬಾರದು, ಹತ್ತಿದವರು ಮುಂದಿನ ನಿಲ್ದಾಣದಲ್ಲಿ ಇಳಿದು ಹಿಂದಿರುಗಿ ಬರುತ್ತಾರೆ ಎಂಬುದನ್ನು ರೈಲು ಬರುವ ಮೊದಲೇ ಎಲ್ಲರಿಗೂ ಹೇಳಿಟ್ಟಿರಿ.