ಕನ್ನಡ ಫೋರಂಗೆ ಸಾಫ್ಟ್‌ವೇರ್ ಆರಿಸುವುದು: ನನ್ನ ಅನುಭವ

ಕನ್ನಡದಲ್ಲಿ ಚರ್ಚೆ ನಡೆಯಬೇಕಾದ ಫೋರಂಗೆ ಸಾಫ್ಟ್‌ವೇರ್ ಆರಿಸುವಾಗ ನಾನು ಮೊದಲು ಮಾಡುವ ಪರೀಕ್ಷೆ ತೀರಾ ಸಣ್ಣದು. ಖಾಲಿ ಪ್ರತಿಯೊಂದನ್ನು ಹಾಕಿಕೊಂಡು, ‘ಮರ’ ಎಂಬ ಪದ ಬರುವ ನಾಲ್ಕಾರು ಬರಹ ಸೇರಿಸಿ, ಹುಡುಕುವ ಪೆಟ್ಟಿಗೆಯಲ್ಲಿ ‘ಮರ’ ಎಂದು ಬರೆಯುತ್ತೇನೆ. ಸೆಟ್ಟಿಂಗ್ ಮುಟ್ಟದೆ ಬಿಟ್ಟರೆ ಹೆಸರುವಾಸಿ ಸಾಫ್ಟ್‌ವೇರ್‌ಗಳೂ ಇಲ್ಲೇ ಎಡವುತ್ತವೆ. ವಾಟ್ಸ್ಆ್ಯಪ್ ಗುಂಪಿನಲ್ಲಿ ಕೇಳಿದ್ದನ್ನೇ ಕೇಳಿ, ಹೇಳಿದ್ದನ್ನೇ ಹೇಳಿ ಬೇಸತ್ತವರು ಫೋರಂಗೆ ಬರುವುದು ಹಳೆಯ ಉತ್ತರ ಸಿಗಲಿ ಎಂದು. ಅದು ಸಿಗದಿದ್ದರೆ ಉಳಿದ ಸೌಲಭ್ಯಗಳ ಪಟ್ಟಿ ಎಷ್ಟು ಉದ್ದವಿದ್ದರೇನು?

ಎಡವುವ ಕಾರಣ ಹೀಗಿದೆ. ‘ಮರ’ ಯೂನಿಕೋಡ್ (ಕಂಪ್ಯೂಟರ್ ಅಕ್ಷರಗಳನ್ನು ಗುರುತಿಸುವ ಸಂಕೇತ ಪದ್ಧತಿ) ಲೆಕ್ಕದಲ್ಲಿ 2 ಅಕ್ಷರ. ಫೋರಂನ ಬರಹಗಳನ್ನು ಕೂಡಿಡುವ ಡೇಟಾಬೇಸ್‌ಗಳಲ್ಲಿ ಮೈಎಸ್‌ಕ್ಯುಎಲ್ ಒಂದು. ಅದರ ಇನ್ನೋಡಿಬಿ ಎಂಬ ಸಂಗ್ರಹ ವಿಧಾನದ ಹುಡುಕು ಸೂಚಿಗೆ (ಹುಡುಕಲೆಂದು ಕಟ್ಟಿಡುವ ಪದಪಟ್ಟಿ) ಕನಿಷ್ಠ 3 ಅಕ್ಷರದ ಪದ ಬೇಕು, ಹಳೆಯ ವಿಧಾನ ಮೈಐಸ್ಯಾಮ್‌ಗೆ 4. ಅದಕ್ಕಿಂತ ಚಿಕ್ಕ ಪದ ಸೂಚಿಗೆ ಸೇರುವುದೇ ಇಲ್ಲ. ‘ಮನೆ’ಯಲ್ಲಿ ಏತ್ವವೂ ಒಂದು ಅಕ್ಷರವಾಗಿ ಎಣಿಕೆಯಾಗುವುದರಿಂದ ಅದು 3 ಆಗಿ ಪಾರಾಗುತ್ತದೆ, ಮರ, ಜನ, ದನ, ದರ ಎಲ್ಲವೂ ಬಿದ್ದುಹೋಗುತ್ತವೆ. ಡಿಸ್ಕೋರ್ಸ್ ಎಂಬ ಫೋರಂ ಸಾಫ್ಟ್‌ವೇರ್ ಪೋಸ್ಟ್‌ಗ್ರೆಸ್ ಎಂಬ ಬೇರೆ ಡೇಟಾಬೇಸ್ ಬಳಸುವುದರಿಂದ ಪದ ಸೂಚಿಯಲ್ಲಿ ಇರುತ್ತದೆ. ಆದರೆ ಹುಡುಕುವ ಪದಕ್ಕೆ ಕನಿಷ್ಠ 3 ಅಕ್ಷರ ಎಂಬ ಬೇರೆಯದೇ ಸೆಟ್ಟಿಂಗ್ ಅಡ್ಡ ನಿಲ್ಲುತ್ತದೆ. ಅದನ್ನು 2ಕ್ಕೆ ಇಳಿಸಿದರೆ ಆಯಿತು, ಸೂಚಿ ಮತ್ತೆ ಕಟ್ಟಬೇಕಿಲ್ಲ. ಮೈಎಸ್‌ಕ್ಯುಎಲ್‌ನಲ್ಲಿ ಹಾಗಲ್ಲ. ಸಂರಚನಾ ಕಡತದಲ್ಲಿ ಕನಿಷ್ಠ ಅಳತೆ ಬದಲಿಸಿ, ಡೇಟಾಬೇಸ್ ಮರುಚಾಲನೆ ಮಾಡಿ, ಸೂಚಿ ಅಳಿಸಿ ಹೊಸದಾಗಿ ಕಟ್ಟಬೇಕು. ಕೊನೆಯ ಹೆಜ್ಜೆ ಬಿಟ್ಟು ‘ಬದಲಿಸಿದರೂ ಸಿಗುತ್ತಿಲ್ಲ’ ಎನ್ನುವವರೇ ಹೆಚ್ಚು. ಒಂದೇ ಸರ್ವರನ್ನು ಹಲವರು ಹಂಚಿಕೊಳ್ಳುವ ಶೇರ್ಡ್ ಹೋಸ್ಟಿಂಗ್‌ನಲ್ಲಂತೂ ಆ ಕಡತ ನಮ್ಮ ಕೈಗೇ ಬರುವುದಿಲ್ಲ.

ಅಂಥ ಕಡೆ ಪಿಎಚ್‌ಪಿಬಿಬಿ ಎಂಬ ಫೋರಂ ಸಾಫ್ಟ್‌ವೇರಿನ ಸ್ವಂತ ಸೂಚಿ (ಸೆಟ್ಟಿಂಗ್‌ನಲ್ಲಿ ‘ನೇಟಿವ್ ಫುಲ್‌ಟೆಕ್ಸ್ಟ್’) ಕೈಹಿಡಿಯುತ್ತದೆ. ಅದರ ಮಿತಿಗಳೆಲ್ಲ ನಿರ್ವಾಹಕರ ಪುಟದಲ್ಲೇ ಬದಲಾಗುತ್ತವೆ. ಕನಿಷ್ಠ 3 ಇರುವುದನ್ನು 2 ಮಾಡುತ್ತೇನೆ, ಗರಿಷ್ಠ 14 ಇರುವುದನ್ನು 30ಕ್ಕೆ ಏರಿಸುತ್ತೇನೆ. ‘ವಿಶ್ವವಿದ್ಯಾಲಯದಲ್ಲಿ’ ಎಂಬುದು ಕಣ್ಣಿಗೆ 8 ಅಕ್ಷರ, ಯೂನಿಕೋಡ್ ಲೆಕ್ಕಕ್ಕೆ 18. ಕನ್ನಡಕ್ಕೆ 14 ಸಾಲದು. ಮೂರನೆಯ ಸೆಟ್ಟಿಂಗ್ ಹೆಚ್ಚಿನವರ ಕಣ್ಣಿಗೆ ಬೀಳುವುದಿಲ್ಲ: ‘ಸಾಮಾನ್ಯ ಪದ’ದ ಮಿತಿ. ಒಟ್ಟು ಬರಹಗಳಲ್ಲಿ ಶೇ. 5ಕ್ಕಿಂತ ಹೆಚ್ಚು ಕಡೆ ಬರುವ ಪದವನ್ನು ಹುಡುಕಾಟ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಬರಹಗಳು 100 ದಾಟಿದ ಮೇಲಷ್ಟೇ ಇದು ಜಾರಿಗೆ ಬರುವುದರಿಂದ ಪರೀಕ್ಷೆಯ ಹಂತದಲ್ಲಿ ಗೊತ್ತೇ ಆಗದು. ಅಡಿಕೆ ಬೆಳೆಗಾರರ ಫೋರಂನಲ್ಲಿ ‘ಅಡಿಕೆ’ ಹುಡುಕಿದರೆ ಏನೂ ಬರದಿರುವುದು ಹೀಗೆ. ಇದನ್ನು 0 ಮಾಡಿ, ಆಮೇಲೆ ಸೂಚಿ ಅಳಿಸಿ ಮತ್ತೆ ಕಟ್ಟಿ.

ಮುಂದಿನ ತೊಡಕು ವಿಭಕ್ತಿಯದು. ಇಂಗ್ಲಿಷ್‌ಗೆ ಪದದ ಮೂಲರೂಪ ಹಿಡಿಯುವ ಸಲಕರಣೆ ಪೋಸ್ಟ್‌ಗ್ರೆಸ್‌ನಲ್ಲೇ ಇದೆ, ತಮಿಳು, ನೇಪಾಳಿಗೂ ಇದೆ, ಕನ್ನಡಕ್ಕಿಲ್ಲ. ಹಾಗಾಗಿ ನಮ್ಮ ಪಾಲಿಗೆ ಉಳಿಯುವುದು ಪದದ ಮೊದಲ ಭಾಗ ಹೊಂದಿಸಿ ನೋಡುವ ವಿಧಾನ. ಡಿಸ್ಕೋರ್ಸ್ ಇದನ್ನು ತಾನಾಗಿಯೇ ಮಾಡುತ್ತದೆ: ‘ಗೊಬ್ಬರ’ ಎಂದರೆ ಗೊಬ್ಬರದ, ಗೊಬ್ಬರಕ್ಕೆ, ಗೊಬ್ಬರವನ್ನು ಎಲ್ಲವೂ ಬರುತ್ತವೆ. ಪಿಎಚ್‌ಪಿಬಿಬಿಯಲ್ಲಿ ಪದದ ಕೊನೆಗೆ ನಕ್ಷತ್ರ ಚಿಹ್ನೆ ಹಾಕಬೇಕು. ಉಕಾರಾಂತ ಪದಗಳಲ್ಲಿ ಮಾತ್ರ ಎರಡೂ ಸೋಲುತ್ತವೆ. ‘ಕಾಡು’ ಹುಡುಕಿದರೆ ಕಾಡಿನ, ಕಾಡಿಗೆ ಸಿಗುವುದಿಲ್ಲ, ಏಕೆಂದರೆ ಅಲ್ಲಿ ಕೊನೆಯ ಸ್ವರವೇ ಬೇರೆ. ಕೊಂಬು ತೆಗೆದು ‘ಕಾಡ’ ಎಂದು ಹುಡುಕಿದರೆ ಮೂರೂ ಬರುತ್ತವೆ, ಜೊತೆಗೆ ‘ಕಾಡಿಸಿದ’ವರೂ ಬರುತ್ತಾರೆ, ಅಷ್ಟು ಕಸ ಸಹಿಸಿಕೊಳ್ಳಬೇಕು. ಈ ಉಪಾಯವನ್ನು ಹುಡುಕುವ ಪುಟದಲ್ಲೇ ಎರಡು ಸಾಲಿನಲ್ಲಿ ಬರೆದುಬಿಡುವುದು ಒಳ್ಳೆಯದು.

ಸಮಾಸಪದಗಳಿಗೆ ಇದೂ ಸಾಲದು. ‘ರೋಗ’ ಎಂದು ಹುಡುಕಿದರೆ ‘ಕೊಳೆರೋಗ’ ಸಿಗದು. ‘ಕೊಳೆ ರೋಗ’ ಎಂದು ಬಿಡಿಸಿ ಬರೆದವರ ಬರಹ ಕೂಡಿಸಿ ಹುಡುಕಿದವರಿಗೆ ಸಿಗದು. ಅದೇ ರೋಗವನ್ನು ‘ಮಹಾಳಿ’ ಎಂದು ಬರೆದವರದು ಈ ಯಾರಿಗೂ ಸಿಗದು. ಇಲ್ಲಿ ಟ್ಯಾಗ್ ಬಳಸಬೇಕು. ಡಿಸ್ಕೋರ್ಸ್‌ನಲ್ಲಿ ಕನ್ನಡ ಟ್ಯಾಗ್ ನಡೆಯುತ್ತದೆ, ಒಂದು ಟ್ಯಾಗ್‌ಗೆ ಸಮಾನಾರ್ಥಕ ಟ್ಯಾಗ್‌ಗಳನ್ನೂ ಕಟ್ಟಬಹುದು. ಮಹಾಳಿ ಎಂದು ಹಾಕಿದರೂ ಅದು ಕೊಳೆರೋಗದ ಕೆಳಗೇ ಸೇರುತ್ತದೆ. ನಾನು ಡಿಸ್ಕೋರ್ಸ್ ಕಡೆಗೆ ವಾಲುವ ದೊಡ್ಡ ಕಾರಣ ಇದೇ. ಟ್ಯಾಗ್ ಸೃಷ್ಟಿಸುವ ಹಕ್ಕನ್ನು ಮಾತ್ರ ಎಲ್ಲರಿಗೂ ಕೊಡಬೇಡಿ.

ಕಾಣದ ಅಕ್ಷರವೊಂದರ ಕಾಟವೂ ಇದೆ. ‘ರಾಜ್‌ಕುಮಾರ್’ ಎಂದು ಬರೆಯುವಾಗ ಜಕಾರದ ಕೆಳಗೆ ಕಕಾರ ಒತ್ತಾಗಿ ಕೂರದಂತೆ ಕೀಲಿಮಣೆ ಶೂನ್ಯ ಅಗಲದ ಅಕ್ಷರವೊಂದನ್ನು ಸೇರಿಸುತ್ತದೆ. ಕೆಲವು ಮೊಬೈಲ್ ಕೀಲಿಮಣೆಯಲ್ಲಿ ಅದನ್ನು ಹಾಕುವುದು ಸುಲಭವಿಲ್ಲ, ಜನ ಬಿಟ್ಟೇ ಬರೆಯುತ್ತಾರೆ. ಕಂಪ್ಯೂಟರಿಗೆ ಇವು ಎರಡು ಬೇರೆ ಪದ. ‘ಸಾಫ್ಟ್‌ವೇರ್’, ‘ಹಾರ್ಡ್‌ವೇರ್’ ಎಲ್ಲಕ್ಕೂ ಇದೇ ಪಾಡು. ಎರಡೂ ಬಗೆಯಲ್ಲಿ ಬರೆದು, ಎರಡೂ ಬಗೆಯಲ್ಲಿ ಹುಡುಕಿ ನೋಡಿಯೇ ಮುಂದುವರಿಯಿರಿ. ಇದರ ಜೊತೆಗೆ ‘ನುಡಿ’, ‘ಬರಹ’ ಎಂಬ ಕನ್ನಡ ಸಾಫ್ಟ್‌ವೇರ್‌ಗಳ ಹಳೆಯ ಕಡತಗಳಿಂದ ಯೂನಿಕೋಡ್ ಅಲ್ಲದ ಪಠ್ಯವನ್ನು ತಂದು ಅಂಟಿಸುವವರು ಇದ್ದೇ ಇರುತ್ತಾರೆ. ಅದು ಪರದೆಯ ಮೇಲೆ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಬೀಳುತ್ತದೆ. ಯಾವ ಫೋರಂ ಸಾಫ್ಟ್‌ವೇರೂ ಇದನ್ನು ತಿದ್ದುವುದಿಲ್ಲ. ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿ ತರುವಂತೆ ಹೇಳುವ ಸೂಚನೆಯೊಂದನ್ನು ಮೇಲ್ಗಡೆ ಅಂಟಿಸಿಡಬೇಕು.

ಇನ್ನು ಯಾವುದನ್ನು ಆರಿಸುವುದು? ಶೇರ್ಡ್ ಹೋಸ್ಟಿಂಗ್ ಮಾತ್ರ ಇದ್ದರೆ, ಕಮಾಂಡ್ ಲೈನ್ ಮುಟ್ಟುವವರು ಯಾರೂ ಇಲ್ಲದಿದ್ದರೆ ಪಿಎಚ್‌ಪಿಬಿಬಿ. ಅಂದ ಹಳೆಯದು, ಆದರೆ ಪುಟ ಹಗುರ, ಅಗ್ಗದ ಆಂಡ್ರಾಯ್ಡ್ ಫೋನಿನಲ್ಲೂ ಬೇಗ ತೆರೆಯುತ್ತದೆ. ಫ್ಲಾರಮ್ ನೋಡಲು ಚೆಂದ, ಸರ್ವರಿಗೂ ಹಗುರ. ಆದರೆ ಅದರ ವಿಸ್ತರಣೆಗಳನ್ನು ಸಾಮಾನ್ಯವಾಗಿ ಕಂಪೋಸರ್ ಎಂಬ ಕಮಾಂಡ್ ಲೈನ್ ಸಲಕರಣೆಯ ಮೂಲಕ ಹಾಕಬೇಕು, ಹುಡುಕಾಟ ಸಾಮಾನ್ಯವಾಗಿ ಮೈಎಸ್‌ಕ್ಯುಎಲ್ ಮೇಲೆ ನಿಂತಿರುವುದರಿಂದ ಮೇಲೆ ಹೇಳಿದ 3 ಅಕ್ಷರದ ಮಿತಿಯೂ ಬೆನ್ನಿಗೆ ಬರುತ್ತದೆ. ನೋಡ್‌ಬಿಬಿ, ಕ್ಸೆನ್‌ಫೋರೊ ಬಗ್ಗೆ ದೂರಿಲ್ಲ. ಎರಡನೆಯದಕ್ಕೆ ದುಡ್ಡು ಕೊಟ್ಟು ಪರವಾನಗಿ ಕೊಳ್ಳಬೇಕು. ಸ್ವಂತ ಸರ್ವರ್ ಇದ್ದು, ಅದನ್ನು ನೋಡಿಕೊಳ್ಳುವವರು ಒಬ್ಬರಾದರೂ ಇದ್ದರೆ ನನ್ನ ಆಯ್ಕೆ ಡಿಸ್ಕೋರ್ಸ್.

ಡಿಸ್ಕೋರ್ಸ್‌ಗೆ 1 ಜಿಬಿ ರ್‍ಯಾಮ್ ಸಾಕು ಎನ್ನುತ್ತಾರೆ, ಸ್ವಾಪ್ (ಮೆಮೊರಿ ಸಾಲದಾಗ ಬಳಸಲು ಡಿಸ್ಕ್‌ನಲ್ಲಿ ಬಿಟ್ಟ ಜಾಗ) ಜೊತೆಗಿದ್ದರೆ. ನಾನು 2 ಜಿಬಿ ರ್‍ಯಾಮ್ ಮತ್ತು 2 ಜಿಬಿ ಸ್ವಾಪ್‌ಗಿಂತ ಕೆಳಗೆ ಇಳಿಯುವುದಿಲ್ಲ. ದಿನನಿತ್ಯದ ಓಡಾಟಕ್ಕೆ 1 ಜಿಬಿ ಹೇಗೋ ನಡೆಯುತ್ತದೆ. ಮುಗ್ಗರಿಸುವುದು ಅಪ್‌ಡೇಟ್ ದಿನ. ಲಾಂಚರ್ ಎಂಬ ಅದರ ಸ್ಕ್ರಿಪ್ಟ್‌ನಿಂದ ರೀಬಿಲ್ಡ್ ಮಾಡುವಾಗ, ಅಂದರೆ ಎಲ್ಲವನ್ನೂ ಹೊಸದಾಗಿ ಕಟ್ಟುವಾಗ, ಜಾವಾಸ್ಕ್ರಿಪ್ಟ್ ಕಡತಗಳನ್ನು ಕಟ್ಟುವ ಹಂತಕ್ಕೆ ಬಹಳ ಮೆಮೊರಿ ಬೇಕು. ಸಾಲದಿದ್ದರೆ ಲಿನಕ್ಸ್ ಆ ಕೆಲಸವನ್ನು ಅರ್ಧಕ್ಕೆ ಕೊಲ್ಲುತ್ತದೆ, ದೋಷಸಂಖ್ಯೆ 137 ಕಾಣುತ್ತದೆ, ಫೋರಂ ನಿಂತೇ ಇರುತ್ತದೆ. ಡಿಸ್ಕ್ ತುಂಬುವುದು ಇನ್ನೊಂದು ಕಾರಣ. ಹಳೆಯ ಡಾಕರ್ ಇಮೇಜ್‌ಗಳು (ಹಿಂದಿನ ಆವೃತ್ತಿಗಳ ಸಾಫ್ಟ್‌ವೇರ್ ಕಟ್ಟುಗಳು) ಹಾಗೇ ಉಳಿದಿರುತ್ತವೆ, ರೀಬಿಲ್ಡ್‌ಗೆ ಮೊದಲು ಲಾಂಚರ್‌ನ ಕ್ಲೀನಪ್ ಓಡಿಸಿ.

ಇಮೇಲ್ ವಿಷಯ ತಲೆನೋವಿನದು. ಸದಸ್ಯರ ಖಾತೆ ಖಚಿತಪಡಿಸುವ ಮೇಲ್ ಹೋಗದಿದ್ದರೆ ಫೋರಂ ಶುರುವೇ ಆಗುವುದಿಲ್ಲ. ಹಲವು ಕ್ಲೌಡ್ ಕಂಪನಿಗಳು ಮೇಲ್ ಹೊರಹೋಗುವ 25ನೇ ಪೋರ್ಟನ್ನು ಮುಚ್ಚಿಟ್ಟಿರುತ್ತವೆ, ಕೆಲವೆಡೆ 465, 587 ಕೂಡ. ಮೇಲ್ ಕಳಿಸುವ ಸೇವೆ 2525ರಲ್ಲಿ ಕೊಡುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ. ಅಮೆಜಾನ್‌ನ ಮೇಲ್ ಕಳಿಸುವ ಸೇವೆ ಎಸ್‌ಇಎಸ್ ಅಗ್ಗ, ಆದರೆ ಹೊಸ ಖಾತೆ ಸ್ಯಾಂಡ್‌ಬಾಕ್ಸ್‌ನಲ್ಲಿರುತ್ತದೆ: ನೀವು ಖಚಿತಪಡಿಸಿದ ವಿಳಾಸಗಳಿಗೆ ಮಾತ್ರ ಮೇಲ್ ಹೋಗುತ್ತದೆ. ನಿಮ್ಮ ಪರೀಕ್ಷೆಯಲ್ಲಿ ಎಲ್ಲ ಸರಿ ಕಂಡು, ಬಂದ ಮೊದಲ ಸದಸ್ಯರಿಗೇ ಮೇಲ್ ತಲುಪದಿರುವುದು ಇದರಿಂದ. ಮೇಲ್ ನಿಮ್ಮದೇ ಎಂದು ತೋರಿಸುವ ಎಸ್‌ಪಿಎಫ್, ಡಿಕೆಐಎಂ ದಾಖಲೆಗಳನ್ನು ಡೊಮೈನ್‌ಗೆ ಸೇರಿಸದಿದ್ದರೆ ಜಿಮೇಲ್ ಒಳಗೆ ಬಿಡುವುದೇ ಅನುಮಾನ. ‘ಫೋನ್ ನಂಬರಿನಿಂದ ಒಳಬರುವ ಹಾಗೆ ಮಾಡಿ’ ಎಂಬ ಕೋರಿಕೆ ಬಂದೇ ಬರುತ್ತದೆ. ಒಟಿಪಿ ಎಸ್ಎಂಎಸ್‌ಗೆ ಡಿಎಲ್‌ಟಿ (ಎಸ್ಎಂಎಸ್ ಕಳಿಸುವ ಸಂಸ್ಥೆಗಳನ್ನು ದಾಖಲಿಸುವ ಟೆಲಿಕಾಂ ವೇದಿಕೆ) ನೋಂದಣಿ, ಸಂದೇಶದ ಮಾದರಿಗೆ ಒಪ್ಪಿಗೆ ಎಲ್ಲ ಬೇಕು. ಸಣ್ಣ ಫೋರಂಗೆ ಅದು ಹೊರೆ. ಆಂಡ್ರಾಯ್ಡ್ ಫೋನಿನಲ್ಲಿ ಸಾಮಾನ್ಯವಾಗಿ ಜಿಮೇಲ್ ಖಾತೆ ಇದ್ದೇ ಇರುವುದರಿಂದ ಗೂಗಲ್ ಲಾಗಿನ್ ಹಾಕುತ್ತೇನೆ.

ಡಿಸ್ಕೋರ್ಸ್ ಎದ್ದು ನಿಂತ ಮೇಲೆ ಬದಲಿಸುವ ಕೆಲವು ಸೆಟ್ಟಿಂಗ್‌ಗಳಿವೆ. ಉತ್ತರಕ್ಕೆ ಕನಿಷ್ಠ 20 ಅಕ್ಷರ ಬೇಕು ಎನ್ನುವುದನ್ನು 5ಕ್ಕೆ ಇಳಿಸಿ. ‘ಧನ್ಯವಾದಗಳು ಸರ್’ ಎಂದರೆ 14 ಅಕ್ಷರವಷ್ಟೆ, ಹಿರಿಯರೊಬ್ಬರು ಅಷ್ಟು ಬರೆದು ಕಳಿಸಲಾಗದೆ ಒದ್ದಾಡುತ್ತಾರೆ. ಕೊಂಡಿಯಲ್ಲಿ ಕನ್ನಡ ತಲೆಬರಹ ತರುವ ಆಯ್ಕೆ ಇದೆ, ಬೇಡ. ವಾಟ್ಸ್ಆ್ಯಪ್‌ಗೆ ನಕಲಿಸಿದಾಗ ಪ್ರತಿ ಕನ್ನಡ ಅಕ್ಷರವೂ ಶೇಕಡಾ ಚಿಹ್ನೆಗಳ ಸಮೇತ 9 ಅಕ್ಷರವಾಗಿ ಬಿಚ್ಚಿಕೊಂಡು ಕೊಂಡಿ ಮಾರುದ್ದ ಆಗುತ್ತದೆ. ಮೊದಲಿದ್ದಂತೆಯೇ ಬಿಟ್ಟರೆ ‘ಟಾಪಿಕ್’ ಮತ್ತು ಒಂದು ಸಂಖ್ಯೆ ಬರುತ್ತದೆ, ಚಿಕ್ಕದು. ಬಟನ್‌ಗಳ ಮೇಲಿನ ಪದಗಳನ್ನು ನಿರ್ವಾಹಕರ ವಿಭಾಗದಲ್ಲಿ ಒಂದೊಂದಾಗಿ ಕನ್ನಡಕ್ಕೆ ತರಬಹುದು. ದಿನವೂ ಕಣ್ಣಿಗೆ ಬೀಳುವ ಐವತ್ತರಷ್ಟು ಸಾಕು. ತಲೆಬರಹದ ಸಾಲಿನ ಎತ್ತರವನ್ನು 1.6ರಷ್ಟು ಮಾಡದಿದ್ದರೆ ಒತ್ತಕ್ಷರದ ಬಾಲ ಕತ್ತರಿಸಿಹೋಗುತ್ತದೆ. ಪಿಎಚ್‌ಪಿಬಿಬಿಯ ಪ್ರೊಸಿಲ್ವರ್ ಶೈಲಿಯಲ್ಲಂತೂ ಬರಹದ ಅಳತೆ 13 ಪಿಕ್ಸೆಲ್ ಆಸುಪಾಸು; 16ಕ್ಕೆ ಏರಿಸದೆ ‘ಸ್ತ್ರೀ’ ಓದಲಾಗದು. ಅದರಲ್ಲಿ ಸ್ಪ್ಯಾಮ್ ತಡೆಗೆ ಪ್ರಶ್ನೋತ್ತರದ ಕ್ಯಾಪ್ಚಾ ಹಾಕಿ, ಪ್ರಶ್ನೆ ಕನ್ನಡದಲ್ಲೇ ಇರಲಿ. ಉತ್ತರ ಅಂಕಿಯಾಗಿದ್ದರೆ ‘4’ ಮತ್ತು ‘೪’ ಎರಡನ್ನೂ ಸೇರಿಸಿ.

ಭಾರತದಲ್ಲಿ ನಡೆಸುವ ಫೋರಂಗೆ 2021ರ ಐಟಿ ನಿಯಮಗಳ ಪ್ರಕಾರ ದೂರು ಅಧಿಕಾರಿಯ ಹೆಸರು, ಸಂಪರ್ಕ ಪ್ರಕಟಿಸಬೇಕು. ಅದಕ್ಕೆ ಪ್ರತ್ಯೇಕ ಪುಟ ಮೊದಲ ದಿನವೇ ಇರಲಿ.

ಬ್ಯಾಕಪ್ ಆಗುತ್ತಿದೆ ಎಂದರೆ ಸಾಲದು, ಬೇರೊಂದು ಸರ್ವರಿನಲ್ಲಿ ಅದನ್ನು ಮರಳಿ ಎಬ್ಬಿಸಿ ನೋಡಬೇಕು. ಡಿಸ್ಕೋರ್ಸ್ ಬ್ಯಾಕಪ್ ತನಗಿಂತ ಹಳೆಯ ಆವೃತ್ತಿಯ ಮೇಲೆ ಕೂರುವುದಿಲ್ಲ, ಚಿತ್ರಗಳು ಅದರಲ್ಲಿ ಸೇರಿವೆಯೇ ಎಂಬುದಕ್ಕೆ ಬೇರೆ ಗುರುತು ಹಾಕಬೇಕು. ಮೈಎಸ್‌ಕ್ಯುಎಲ್ ಫೋರಂಗಳಲ್ಲಿ ಕೋಷ್ಟಕಗಳು ಯುಟಿಎಫ್8ಎಂಬಿ4 ಎಂಬ ಅಕ್ಷರ ಸಂಕೇತದಲ್ಲಿರಲಿ. ಹಳೆಯ ‘ಯುಟಿಎಫ್8’ ಒಂದು ಅಕ್ಷರಕ್ಕೆ 3 ಬೈಟ್ ಮಾತ್ರ ಕೊಡುತ್ತದೆ. ಕನ್ನಡಕ್ಕೆ 3 ಸಾಕಾಗುವುದರಿಂದ ಎಲ್ಲ ಸರಿಯಿದೆ ಎನಿಸುತ್ತದೆ, ಎಮೋಜಿಗೆ 4 ಬೇಕು. ಬಿಗಿ ಮೋಡ್ (ಹೊಂದದ ಪಠ್ಯವನ್ನು ತಿರಸ್ಕರಿಸುವ ಸೆಟ್ಟಿಂಗ್) ಇಲ್ಲದ ಸರ್ವರಿನಲ್ಲಿ ಬರಹ ಮೊದಲ ಎಮೋಜಿಯ ಹತ್ತಿರವೇ ತುಂಡಾಗಿ ಉಳಿಯುತ್ತದೆ.

ಹಳೆಯ ಪಿಎಚ್‌ಪಿಬಿಬಿಯಿಂದ ಡಿಸ್ಕೋರ್ಸ್‌ಗೆ ಸಾಗಿಸಲು ಸಿದ್ಧ ಸ್ಕ್ರಿಪ್ಟ್ ಇದೆ. ಬರಹ, ಚಿತ್ರ, ಸದಸ್ಯರು ಬರುತ್ತಾರೆ. ಪಾಸ್‌ವರ್ಡ್ ಮಾತ್ರ ಪ್ರತ್ಯೇಕ ಪ್ಲಗಿನ್ ಹಾಕದೆ ಬರುವುದಿಲ್ಲ. ಆಗ ಎಲ್ಲರೂ ಇಮೇಲ್ ಮೂಲಕ ಹೊಸ ಪಾಸ್‌ವರ್ಡ್ ಪಡೆಯಬೇಕು, ಹಳೆಯ ವಿಳಾಸ ಕಳೆದುಕೊಂಡವರು ಹೊರಗೇ ಉಳಿಯುತ್ತಾರೆ. ಹಾಗಾಗಿ ಹಳೆಯ ಫೋರಂ ಮುಚ್ಚುವ ಒಂದು ತಿಂಗಳ ಮೊದಲೇ ‘ನಿಮ್ಮ ಇಮೇಲ್ ವಿಳಾಸ ಸರಿಯಿದೆಯೇ ನೋಡಿ’ ಎಂಬ ಸೂಚನೆಯನ್ನು ಪ್ರತಿ ಪುಟದ ಮೇಲೂ ಹಾಕಿಡುತ್ತೇನೆ.