ಬಾಲಕರ ಪ್ರೌಢಶಾಲೆಯ ಗುರಿ ಏನಿರಬೇಕು: ನನ್ನ ಅನುಭವ

ಬಾಲಕರ ಪ್ರೌಢಶಾಲೆ ಅಂದ ಕೂಡಲೇ ನಮ್ಮ ಕೊಪ್ಪಳದ ಕಡೆ ಪಾಲಕರು ಮೊದಲು ಕೇಳುವುದು ಫಲಿತಾಂಶವನ್ನಲ್ಲ. ‘ಸಾಲ್ಯಾಗ ಶಿಸ್ತು ಹೆಂಗೈತ್ರಿ ಸರ?’ ಅಂತ ಕೇಳುತ್ತಾರೆ. ಎಂಟನೇ ತರಗತಿಗೆ ಮಗನ ಹೆಸರು ಹಚ್ಚಲು ಬಂದ ತಂದೆ ಅರ್ಜಿಗೆ ಸಹಿ ಹಾಕಿ ಏಳುವಾಗ ಹೇಳುವ ಮಾತೂ ಬಹುತೇಕ ಒಂದೇ: ‘ಕಣ್ಣೆರಡು ಬಿಟ್ಟು ಎಲ್ಲಾ ಸುಲೀರಿ, ನಾವು ಯಾಕಂತ ಕೇಳಂಗಿಲ್ಲ.’ ಆ ಮಾತಿನಲ್ಲಿ ಮಾಸ್ತರ ಮೇಲಿನ ನಂಬಿಕೆ ಇದೆ. ಮಗ ತನ್ನ ಹಾಗೆ ಗುಳೆ ಹೋಗುವಂತಾಗಬಾರದು ಎನ್ನುವ ಕಳವಳವೂ ಇದೆ. ಆದರೆ ಅವನು ಕೇಳುತ್ತಿರುವುದನ್ನು ನಾನು ಕೊಡಲಾರೆ, ಕೊಡಲೂಬಾರದು.

ಕೊಪ್ಪಳ ತಾಲೂಕಿನ ಒಂದು ಸರ್ಕಾರಿ ಬಾಲಕರ ಪ್ರೌಢಶಾಲೆಯಲ್ಲಿ ಮೊದಲು ವಿಜ್ಞಾನ ಶಿಕ್ಷಕನಾಗಿದ್ದೆ, ಈಗ ಮುಖ್ಯೋಪಾಧ್ಯಾಯನಾಗಿದ್ದೇನೆ. ಹೆದರಿದ ಹುಡುಗ ಬಾಯಿ ಮುಚ್ಚಿ ಕೂಡುತ್ತಾನೆ, ಅಷ್ಟೇ. ಅವನ ಕೈಗೆ ಒಂದು ಹೊಣೆ ಕೊಟ್ಟು, ಅದನ್ನು ನಿಭಾಯಿಸುವ ತನಕ ಜೊತೆಗೆ ನಿಂತರೆ ಅವನು ಬೆಳೆಯುತ್ತಾನೆ. ನಮ್ಮ ಶಾಲೆಯ ಶಿಕ್ಷಣ ನೀತಿ ಏನು ಅಂತ ಯಾರಾದರೂ ಕೇಳಿದರೆ ನಾನು ಹೇಳುವುದು ಇಷ್ಟೇ. ಉಳಿದದ್ದೆಲ್ಲ ಇದನ್ನು ಜಾರಿಗೆ ತರುವ ದಾರಿ.

ಹಳೆಯ ಬಾಲಕರ ಶಾಲೆಗಳಿಗೂ ಒಂದು ಗುರಿ ಇತ್ತು. ತುಂಗಭದ್ರೆಯ ಆಚೆ ದಂಡೆಯ ಬಳ್ಳಾರಿ 1953ರವರೆಗೆ ಮದ್ರಾಸಿಗೆ ಸೇರಿತ್ತು. ಅಲ್ಲಿ ವಾರ್ಡ್ಲಾದಂಥ ಮಿಷನ್ ಶಾಲೆಗಳು ಇಂಗ್ಲಿಷ್ ಕಲಿಸಿದವು. ಈಚೆ ದಂಡೆಯ ರಾಯಚೂರು, ಕೊಪ್ಪಳ ನಿಜಾಮರ ಆಳ್ವಿಕೆಯಲ್ಲಿದ್ದವು. ಮನೆಯಲ್ಲಿ ಕನ್ನಡ ಆಡುವ ಹುಡುಗ ಶಾಲೆಯಲ್ಲಿ ಲೆಕ್ಕವನ್ನೂ ಭೂಗೋಳವನ್ನೂ ಉರ್ದುವಿನಲ್ಲಿ ಓದಬೇಕಿತ್ತು. ಎರಡೂ ಕಡೆ ಉದ್ದೇಶ ಒಂದೇ: ಕಚೇರಿಗೆ ಬೇಕಾದ, ಹೇಳಿದ್ದು ಕೇಳುವ, ಅಕ್ಷರ ದುಂಡಗಿರುವ ಗಂಡಸರನ್ನು ತಯಾರು ಮಾಡುವುದು. ಬಾಯಿಪಾಠ, ಕವಾಯತು, ಬೆತ್ತ ಮೂರೂ ಆ ಕೆಲಸಕ್ಕೆ ಸರಿಹೊಂದಿದವು. ಹಾಗಂತ ಬೇರೆ ದಾರಿ ಯಾರೂ ಹಿಡಿದಿರಲಿಲ್ಲ ಅಂತಲ್ಲ. ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆಯನ್ನು ಕಟ್ಟಿದ ಪಂಡಿತ ತಾರಾನಾಥರು ಮುಂದೆ ತುಂಗಭದ್ರೆಯ ದಂಡೆಯಲ್ಲಿ ಪ್ರೇಮಾಯತನ ಆಶ್ರಮವನ್ನೂ ಕಟ್ಟಿದರು. ಹುಡುಗನನ್ನು ನೌಕರಿಗಲ್ಲ, ಬದುಕಿಗೆ ತಯಾರು ಮಾಡಬೇಕು ಎನ್ನುವ ವಿಚಾರ ನಮ್ಮ ಈ ಬಿಸಿಲನಾಡಿನಲ್ಲೇ ಅಷ್ಟು ಹಿಂದೆಯೇ ಇತ್ತು. ಅದು ನನಗೆ ದೊಡ್ಡ ಧೈರ್ಯ.

ಬೆತ್ತವನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಕೈಬಿಡಿಸಿತು. ಒಳ್ಳೆಯದೇ ಆಯಿತು. ಆದರೆ ಬೆತ್ತ ಇದ್ದ ಜಾಗದಲ್ಲಿ ಏನು ಇಡಬೇಕು ಎನ್ನುವುದನ್ನು ಶಾಲೆಯೇ ಹುಡುಕಿಕೊಳ್ಳಬೇಕು. ಅನೇಕ ಕಡೆ ಅಲ್ಲಿ ಬೈಗಳು ಬಂದು ಕೂತವು. ನಾವು ಕೆಲಸದ ಪಾಳಿ ಇಟ್ಟೆವು.

ಪಾಳಿ ಅಂದರೆ ದಿನದ ಕೆಲಸಗಳ ಪಟ್ಟಿ: ಗಂಟೆ ಬಾರಿಸುವುದು, ಕುಡಿಯುವ ನೀರಿನ ಟ್ಯಾಂಕ್ ನೋಡಿಕೊಳ್ಳುವುದು, ಗ್ರಂಥಾಲಯದ ಪುಸ್ತಕ ಕೊಟ್ಟು ತಗೊಳ್ಳುವುದು, ಅಂಗಳ ಕಸಗುಡಿಸುವುದು, ಬಿಸಿಯೂಟ ಬಡಿಸುವುದು, ಉಂಡ ಜಾಗ ಒರೆಸುವುದು, ಶೌಚಾಲಯಕ್ಕೆ ನೀರು ಹಾಕಿ ತಿಕ್ಕುವುದು. ಇದರಲ್ಲಿ ಹೊಸದೇನಿಲ್ಲ, ಎಲ್ಲಾ ಶಾಲೆಗಳಲ್ಲೂ ಹುಡುಗರು ಏನಾದರೊಂದು ಮಾಡುತ್ತಲೇ ಇರುತ್ತಾರೆ. ಯಾರು ಏನು ಮಾಡುತ್ತಾರೆ ಎಂಬಲ್ಲೇ ಎಲ್ಲಾ ಇರುವುದು. ಪಾಳಿ ಇಲ್ಲದಿದ್ದರೆ ಪುಸ್ತಕದ ಕಪಾಟಿನ ಬೀಗದ ಕೈ ಯಾವ ಓಣಿಯ ಹುಡುಗನಿಗೆ ಹೋಗುತ್ತದೆ, ಕಸಬರಿಗೆ ಯಾವ ಓಣಿಯ ಹುಡುಗನ ಕೈಗೆ ಬರುತ್ತದೆ ಅಂತ ನಮ್ಮ ಊರುಗಳನ್ನು ಬಲ್ಲವರಿಗೆ ಬಿಡಿಸಿ ಹೇಳಬೇಕಿಲ್ಲ. ಹಾಗಾಗಿ ಹಾಜರಿ ಪುಸ್ತಕದ ಕ್ರಮದಲ್ಲೇ ಪಾಳಿ ಬರೆದು ಸೂಚನಾ ಫಲಕಕ್ಕೆ ಹಚ್ಚುತ್ತೇವೆ. ಶಿಕ್ಷಕರ ಹೆಸರೂ ಅದೇ ಹಾಳೆಯಲ್ಲಿ ಇರುತ್ತದೆ. ನನ್ನ ಪಾಳಿ ಬಂದ ದಿನ ಬಕೆಟ್ ಹಿಡಿದು ಶೌಚಾಲಯಕ್ಕೆ ನಾನೂ ಹೋಗುತ್ತೇನೆ. ಮುಖ್ಯೋಪಾಧ್ಯಾಯ ಮಾಡದ ಕೆಲಸವನ್ನು ಹುಡುಗನಿಗೆ ಹೇಳಿದರೆ ಅದು ಕಲಿಕೆಯಾಗುವುದಿಲ್ಲ, ಶಿಕ್ಷೆಯಾಗುತ್ತದೆ.

ಶುರುವಿನಲ್ಲಿ ಪಾಲಕರೊಬ್ಬರು ಸಿಟ್ಟಾಗಿ ಬಂದರು. ‘ನನ್ನ ಮಗ ಸಾಲಿಗೆ ಓದಾಕ ಬರ್ತಾನ್ರಿ ಸರ, ತಾಟು ತೊಳ್ಯಾಕ ಅಲ್ಲ. ಮನ್ಯಾಗ ಉಂಡ ತಾಟು ಎತ್ತಿದಾಂವ ಅಲ್ಲ ಅಂವ.’ ಅವರನ್ನು ಊಟದ ಹೊತ್ತಿನ ತನಕ ಕೂಡಿಸಿಕೊಂಡೆ. ಮಗ ಸಾರಿನ ಬಕೆಟ್ ಹಿಡಿದು ಸಾಲಿನ ಆ ತುದಿಯಿಂದ ಬಂದ. ಎಂಟನೇ ತರಗತಿಯ ಸಣ್ಣ ಹುಡುಗರಿಗೆ ಬಡಿಸುವಾಗ ಸೌಟನ್ನು ತಳಕ್ಕೆ ಮುಟ್ಟಿಸಿ ಬ್ಯಾಳಿ ಎತ್ತಿ ಹಾಕುತ್ತಿದ್ದ. ಮೊಟ್ಟೆ ತಿನ್ನುವವರಿಗೆ ಮೊಟ್ಟೆ, ಬ್ಯಾಡ ಅಂದವರಿಗೆ ಬಾಳೆಹಣ್ಣು, ಎಲ್ಲರೂ ಒಂದೇ ಸಾಲಿನಲ್ಲಿ. ಕೊನೆಗೆ ತನ್ನ ತಾಟಿಗೆ ಹಾಕಿಕೊಂಡು ಕೂತು ಉಂಡ. ತಂದೆ ಏನೂ ಮಾತಾಡಲಿಲ್ಲ, ಎದ್ದು ಹೋದರು. ಆಮೇಲೆ ತಕರಾರು ಬರಲಿಲ್ಲ. ಗಂಡುಹುಡುಗರಷ್ಟೇ ಇರುವ ಶಾಲೆಗೆ ಇದೊಂದು ಅನುಕೂಲ ಇದೆ: ಇಲ್ಲಿ ಕಸ ಗುಡಿಸಲು, ರಂಗೋಲಿ ಹಾಕಲು, ಅತಿಥಿಗಳಿಗೆ ಚಹಾ ಕೊಡಲು ಹೆಣ್ಣುಮಕ್ಕಳನ್ನು ಕರೆಯೋಣ ಅನ್ನುವ ದಾರಿಯೇ ಇಲ್ಲ. ಎಲ್ಲವನ್ನೂ ಅವರೇ ಮಾಡಬೇಕು. ಈ ಅನುಕೂಲವನ್ನು ಹಳೆಯ ಬಾಲಕರ ಶಾಲೆಗಳು ಬಳಸಿಕೊಳ್ಳಲೇ ಇಲ್ಲ ಅಂತ ನನಗೆ ಅನ್ನಿಸುತ್ತದೆ.

ಎರಡನೆಯದು ಪಾಠದ ಮಾತು. ನಮ್ಮ ಜಿಲ್ಲೆಯಲ್ಲಿ ಹತ್ತಿ, ತರಕಾರಿಗಳ ಬೀಜೋತ್ಪಾದನೆ ಜೋರು. ಮಳೆಗಾಲ ಮುಗಿಯುವ ಹೊತ್ತಿಗೆ ಹತ್ತಿ ಹೊಲಗಳಲ್ಲಿ ಕ್ರಾಸಿಂಗ್, ಅಂದರೆ ಕೈಯಿಂದ ಪರಾಗಸ್ಪರ್ಶ ಮಾಡಿಸುವ ಕೆಲಸ ಶುರುವಾದರೆ ತರಗತಿಯ ಹಿಂದಿನ ಬೆಂಚುಗಳು ಖಾಲಿ. ಹುಡುಗರು ದುಡಿಯಲಿ ಬಿಡು ಅನ್ನುವವನಲ್ಲ ನಾನು. ಕೀಟನಾಶಕ ಹೊಡೆದ ಹೊಲದಲ್ಲಿ ಮಕ್ಕಳನ್ನು ನಿಲ್ಲಿಸುವುದಕ್ಕೆ ನನ್ನ ಖಡಾಖಂಡಿತ ವಿರೋಧವಿದೆ. ಅದಕ್ಕಾಗಿ ಮನೆಮನೆಗೆ ಹೋಗಿ ಜಗಳ ಮಾಡಿ ಕರೆತಂದಿದ್ದೇನೆ. ಆದರೆ ಹಾಗೆ ಬಂದ ಹುಡುಗ ಬೆಂಚಿನ ಮೇಲೆ ದಡ್ಡನಂತೆ ಕೂಡಬೇಕಾದರೆ ಮತ್ತೆ ಹೊಲಕ್ಕೇ ಹೋಗುತ್ತಾನೆ.

ಹತ್ತನೇ ತರಗತಿಯಲ್ಲಿ ಹೂವಿನ ಭಾಗ, ಪರಾಗಸ್ಪರ್ಶದ ಪಾಠ ಬಂದಾಗ ಅಂಥ ಒಬ್ಬನಿಗೆ ಹೇಳಿದೆ: ‘ತಮ್ಮಾ, ನಾಳೆ ಬರುವಾಗ ಹತ್ತಿ ಮೊಗ್ಗು, ಅರಳಿದ ಹೂವು ಎರಡೂ ತಗೊಂಡು ಬಾ. ಪಾಠ ನೀನು ಮಾಡು.’ ಮರುದಿನ ಪ್ಲಾಸ್ಟಿಕ್ ಚೀಲದಲ್ಲಿ ತಂದ. ನಾನು ಹಿಂದಿನ ಬೆಂಚಿಗೆ ಹೋಗಿ ಕೂತೆ. ಅವನು ಮೊಗ್ಗನ್ನು ಎಡಗೈಯಲ್ಲಿ ಹಿಡಿದು, ಬಲ ಹೆಬ್ಬೆರಳಿನ ಉಗುರನ್ನು ಬುಡದಲ್ಲಿ ಇಳಿಸಿ, ಒಂದು ಸುತ್ತು ತಿರುವಿದ. ದಳವೂ ಅದಕ್ಕಂಟಿದ ಕೇಸರದ ಕೊಳವೆಯೂ ಟೊಪ್ಪಿಗೆಯಂತೆ ಒಟ್ಟಿಗೇ ಕಳಚಿ ಬಂದವು. ಒಳಗೆ ಹೂವಿನ ಹೆಣ್ಣು ಭಾಗವಾದ ಶಲಾಕೆ ಒಂದೇ ನೆಟ್ಟಗೆ ನಿಂತಿತ್ತು. ‘ಇದನ್ನ ಸಂಜಿಕಿ ಮಾಡಬೇಕ್ರಿ. ಉಗುರು ಕಾಯಿಗೆ ತಾಕಿದ್ರ ಉದುರಿ ಹೊಕ್ಕೈತಿ. ಮುಂಜಾನೆ ಗಂಡು ಹೂವು ತಂದು ಇದರ ತುದೀಗೆ ಮೆಲ್ಲಕ ಸವರಬೇಕು. ಆಮ್ಯಾಲೆ ದಾರ ಕಟ್ಟಬೇಕು, ಯಾವುದು ಆಗೇತಿ ಅಂತ ಗೊತ್ತಾಗಾಕ.’ ದಾರ ಯಾಕೆ, ಸಂಜೆಯೇ ಯಾಕೆ, ಒಂದು ಗಂಡು ಹೂವಿನಿಂದ ಎಷ್ಟು ಆಗುತ್ತದೆ ಅಂತ ಹುಡುಗರು ಕೇಳುತ್ತಾ ಹೋದರು. ಪರಾಗಕೋಶ ಒಡೆಯುವ ಮುಂಚೆ ತೆಗೆಯದಿದ್ದರೆ ಅದೇ ಹೂವಿನ ಪರಾಗ ಅದಕ್ಕೇ ಬೀಳುತ್ತದೆ ಅಂತ ನಾನು ಹಿಂದಿನಿಂದ ಒಂದೇ ಮಾತು ಸೇರಿಸಿದೆ. ಪಠ್ಯಪುಸ್ತಕದ ಚಿತ್ರದಲ್ಲಿರುವ ಹೆಸರುಗಳನ್ನು ಹುಡುಗರೇ ಫಲಕದ ಮೇಲೆ ಅವನ ಹೂವಿಗೆ ಹೊಂದಿಸಿ ಬರೆದರು. ಆ ಹುಡುಗ ಆ ವಾರ ಒಂದು ದಿನವೂ ತಪ್ಪಿಸಲಿಲ್ಲ.

ಅಲ್ಲಿಂದ ಇದನ್ನು ಎಲ್ಲಾ ವಿಷಯಗಳಿಗೂ ಹಚ್ಚಿದೆವು. ಗಾರೆ ಕೆಲಸಕ್ಕೆ ಹೋಗಿಬಂದವನು ಗೋಡೆಯ ಮೂಲೆ ಕಾಟಕೋನ (ಲಂಬಕೋನ) ಇದೆಯೋ ಇಲ್ಲವೋ ನೋಡಲು ಮೂರು, ನಾಲ್ಕು, ಐದು ಅಡಿಯ ದಾರ ಎಳೆಯುವುದನ್ನು ಪೈಥಾಗೊರಸ್ ಪ್ರಮೇಯದ ಪಾಠದಲ್ಲಿ ತೋರಿಸುತ್ತಾನೆ. ಕಟ್ಟಿಗೆ ಗೊಂಬೆಗಳಿಗೆ ಹೆಸರಾದ ಕಿನ್ನಾಳದ ಕಡೆಯಿಂದ ಬರುವ ಹುಡುಗ ಗೊಂಬೆಗೆ ಬಣ್ಣ ಹಚ್ಚುವ ಮುಂಚೆ ಮೈ ನಯ ಮಾಡುವ ಬಗೆ ಹೇಳುತ್ತಾನೆ. ನೀನು ದಡ್ಡನಲ್ಲ ಅಂತ ಹುಡುಗನಿಗೆ ಬಾಯಿಂದ ಹೇಳಿದರೆ ಅವನು ನಂಬುವುದಿಲ್ಲ. ಅವನಿಗೆ ಗೊತ್ತಿರುವುದನ್ನು ಇಡೀ ತರಗತಿ ಅವನಿಂದ ಕೇಳಿ ತಿಳಿದುಕೊಂಡರೆ ನಂಬುತ್ತಾನೆ.

ಪ್ರತಿ ವರ್ಷ ಒಂಬತ್ತನೇ ತರಗತಿಯವರನ್ನು ಕೊಪ್ಪಳದ ಗವಿಮಠದ ಬೆಟ್ಟಕ್ಕೂ ಪಾಲ್ಕಿಗುಂಡಿಗೂ ಕರೆದೊಯ್ಯುತ್ತೇನೆ. ಎರಡೂ ಕಡೆ ಅಶೋಕನ ಕಿರು ಶಿಲಾಶಾಸನಗಳಿವೆ, ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ, ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಳೆಯವು. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಶಾಸನದಲ್ಲಿ ಅಶೋಕ ಎಂಬ ಹೆಸರೇ ಇದೆ ಎಂಬುದು ಪರೀಕ್ಷೆಗೆ ಬರುವ ಪ್ರಶ್ನೆ, ಹಾಗಾಗಿ ಅದು ಎಲ್ಲರಿಗೂ ಬಾಯಿಪಾಠ. ಆದರೆ ಶಾಸನದಲ್ಲಿ ಏನಿದೆ ಎಂದು ಕೇಳಿದರೆ ಯಾರಿಗೂ ಗೊತ್ತಿರುವುದಿಲ್ಲ. ಬಂಡೆಯ ಮುಂದೆ ಕೂಡಿಸಿ ಅದರ ಸಾರಾಂಶ ಹೇಳುತ್ತೇನೆ: ನಾನು ಬುದ್ಧನ ಉಪಾಸಕನಾಗಿ ಎರಡೂವರೆ ವರ್ಷದ ಮೇಲಾಯಿತು, ಮೊದಲ ವರ್ಷ ಅಷ್ಟಾಗಿ ಪ್ರಯತ್ನ ಮಾಡಲಿಲ್ಲ, ಆಮೇಲೆ ಮಾಡಿದೆ, ಇದು ದೊಡ್ಡವರಿಗೆ ಮಾತ್ರ ಸಿಗುವ ಫಲ ಅಲ್ಲ, ಸಣ್ಣವನೂ ಪ್ರಯತ್ನಪಟ್ಟರೆ ಪಡೆಯುತ್ತಾನೆ. ಒಮ್ಮೆ ಒಬ್ಬ ಹುಡುಗ ಕೇಳಿದ: ‘ಅಂದ್ರ ರಾಜನೂ ಮೊದಲ್ನೇ ವರ್ಷ ಹಿಂದ ಬಿದ್ದಿದ್ನೇನ್ರಿ ಸರ?’ ಹೌದು ಅಂದೆ. ಅದನ್ನು ಮುಚ್ಚಿಡದೆ ಕಲ್ಲಿನ ಮೇಲೆ ಬರೆಸಿದ ಅಂತಲೂ ಹೇಳಿದೆ. ಎಂಟನೇ ತರಗತಿಗೆ ಬರುವಾಗ ಸರಾಗವಾಗಿ ಓದಲು ಬರದ ಹುಡುಗರು ನಮ್ಮಲ್ಲಿ ಇದ್ದೇ ಇರುತ್ತಾರೆ. ಅವರಿಗಾಗಿ ಮುಂಜಾನೆ ಪ್ರಾರ್ಥನೆಗೆ ಮೊದಲು ಓದಿನ ತರಗತಿ ನಡೆಯುತ್ತದೆ. ಹತ್ತನೆಯವರು ಎಂಟನೆಯವರನ್ನು ಪಕ್ಕದಲ್ಲಿ ಕೂಡಿಸಿಕೊಂಡು ಓದಿಸುತ್ತಾರೆ. ಬೆಟ್ಟಕ್ಕೆ ಹೋಗಿಬಂದ ಹುಡುಗರು ಈ ತರಗತಿಗೆ ಬರಲು ನಾಚಿಕೊಳ್ಳುವುದು ಕಡಿಮೆ.

ಸಹೋದ್ಯೋಗಿಗಳಲ್ಲಿ ಎಲ್ಲರೂ ಇದನ್ನು ಒಪ್ಪುವುದಿಲ್ಲ. ಇದೆಲ್ಲ ಮಾಡುತ್ತಾ ಕೂತರೆ ಪೋರ್ಷನ್ ಯಾವಾಗ ಮುಗಿಸುವುದು ಅನ್ನುತ್ತಾರೆ. 625 ಅಂಕಗಳ ಎಸ್‌ಎಸ್‌ಎಲ್‌ಸಿ ತಲೆಯ ಮೇಲೆ ಇರುವಾಗ ಅವರ ಆತಂಕ ಸುಳ್ಳಲ್ಲ. ಪಾಸಾಗುವುದು ನಮ್ಮ ಹುಡುಗರಿಗೆ ಬಹಳ ಮುಖ್ಯ. ನಪಾಸಾದವನು ಮರುವಾರವೇ ಬೆಂಗಳೂರಿಗೋ ಮಂಗಳೂರಿಗೋ ಕಟ್ಟಡದ ಕೆಲಸಕ್ಕೆ ಮಾವನ ಜೊತೆ ಬಸ್ ಹತ್ತುತ್ತಾನೆ. ಹಾಗಾಗಿ ಜನವರಿಯ ನಂತರ ಹತ್ತನೇ ತರಗತಿಗೆ ಪಾಳಿ ಅರ್ಧಕ್ಕೆ ಇಳಿಸಿ ಪುನರಾವರ್ತನೆಗೆ ಹೊತ್ತು ಕೊಡುತ್ತೇವೆ. ತಂದೆತಾಯಿ ಗುಳೆ ಹೋದ ಮನೆಯ ಹುಡುಗರಿಗೆ ಸರ್ಕಾರಿ ಹಾಸ್ಟೆಲ್‌ನಲ್ಲೋ, ಗವಿಮಠದ ಉಚಿತ ಪ್ರಸಾದ ನಿಲಯದಲ್ಲೋ ಜಾಗ ಕೇಳಲು ಅಕ್ಟೋಬರಿಗೆ ಮೊದಲೇ ಓಡಾಡಬೇಕು. ಇದನ್ನು ನಾನು ಶಿಕ್ಷಣ ನೀತಿಯ ಭಾಗವೆಂದೇ ಎಣಿಸುತ್ತೇನೆ. ಶಾಲೆಯಲ್ಲೇ ಇಲ್ಲದ ಹುಡುಗನಿಗೆ ಯಾವ ಧ್ಯೇಯ ಇಟ್ಟುಕೊಂಡು ಏನು ಮಾಡುವುದು?

ಇನ್ನೊಂದು ಕೊರತೆ ನನ್ನನ್ನು ಬಹಳ ಕಾಡುತ್ತದೆ. ಗಂಡುಹುಡುಗರೇ ಇರುವ ಶಾಲೆಯಲ್ಲಿ ಮೂರು ವರ್ಷ ಓದಿದವನಿಗೆ ಹೆಣ್ಣುಮಕ್ಕಳ ಎದುರು ಸಹಜವಾಗಿ ಮಾತಾಡಲು ಬರುವುದಿಲ್ಲ. ಒಂದೋ ತಲೆ ತಗ್ಗಿಸುತ್ತಾನೆ, ಇಲ್ಲವೇ ಗುಂಪು ಕಟ್ಟಿಕೊಂಡು ಚುಡಾಯಿಸುತ್ತಾನೆ. ಪಿಯುಸಿಗೆ ಹೋದ ಮೇಲೆ ಇದರ ಫಲ ಕಾಣುತ್ತದೆ. ಪಕ್ಕದ ಬಾಲಕಿಯರ ಪ್ರೌಢಶಾಲೆಯ ಮುಖ್ಯೋಪಾಧ್ಯಾಯಿನಿಯವರ ಜೊತೆ ಮಾತಾಡಿ ವಿಜ್ಞಾನ ವಸ್ತುಪ್ರದರ್ಶನ, ಪ್ರತಿಭಾ ಕಾರಂಜಿಯ ತಯಾರಿ, ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವದ ಭಾಷಣ ಇವನ್ನೆಲ್ಲ ಕೂಡಿ ಮಾಡುತ್ತಿದ್ದೇವೆ. ತಂಡಗಳು ಬೆರಕೆ, ಅರ್ಧಕ್ಕರ್ಧ ತಂಡಗಳಿಗೆ ಹುಡುಗಿಯರೇ ಮುಖಂಡರು. ಮೊದಲ ವರ್ಷ ಎರಡೂ ಕಡೆಯ ಪಾಲಕರನ್ನು ಒಪ್ಪಿಸುವುದರಲ್ಲೇ ಸಾಕಾಗಿತ್ತು. ಈಗ ಅವರೇ ಪ್ರದರ್ಶನ ಯಾವಾಗ ಅಂತ ಕೇಳುತ್ತಾರೆ. ಬರುವ ಜೂನ್‌ನಿಂದ ವಾರಕ್ಕೊಂದು ಪ್ರಯೋಗಶಾಲೆಯ ಪಿರಿಯಡ್ ಎರಡೂ ಶಾಲೆಗಳಿಗೆ ಒಟ್ಟಿಗೆ ಇಡಬೇಕೆಂದು ವೇಳಾಪಟ್ಟಿ ಹಾಕುತ್ತಿದ್ದೇವೆ. ಸೂಕ್ಷ್ಮದರ್ಶಕ ನಮ್ಮಲ್ಲಿದೆ, ರಾಸಾಯನಿಕಗಳ ಕಪಾಟು ಅವರಲ್ಲಿದೆ.